ಐವತ್ತರ ನೋಟನ್ನು ಓದುವ ಕ್ರಮ

ಕಾಸರಗೋಡಿನ ಬಸ್ಸುಗಳಲ್ಲಿ ಕಂಡಕ್ಟರರ ಬೆರಳ ಸಂದಿಯಿಂದ ನಮ್ಮ ಕೈಗೆ ಬರುವ ಐವತ್ತರ ನೋಟು ಹೆಚ್ಚಾಗಿ ಉದ್ದಕ್ಕೆ ಮಡಚಿಕೊಂಡಿರುವುದರಿಂದ, ಮೊದಲು ಅದನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಸವರಿ ನೇರ ಮಾಡಿಕೊಳ್ಳಬೇಕು. ಇಲ್ಲಿ ಹೇಳುವುದು 2017ರಲ್ಲಿ ಬಂದ, 135 ಮಿ.ಮೀ. ಉದ್ದ ಮತ್ತು 66 ಮಿ.ಮೀ. ಅಗಲದ ನೀಲಿ ನೋಟಿನ ವಿಷಯ. ಬೆನ್ನಿನಲ್ಲಿ ಸಂಸತ್ ಭವನವಿರುವ ಹಳೆಯ ನೋಟಿನ ವಿನ್ಯಾಸ ಬೇರೆ.

ಗಾಂಧೀಜಿಯವರ ಚಿತ್ರವಿರುವ ಮುಖವನ್ನು ಮೇಲೆ ಮಾಡಿ, ಚಿತ್ರದ ಬಲಕ್ಕೆ ಕಣ್ಣು ಹಾಯಿಸಿರಿ. ಅಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರರ ವಾಗ್ದಾನವೂ ಸಹಿಯೂ ಇವೆ. ಒಂದು ರೂಪಾಯಿಯ ನೋಟನ್ನು ಹೊರಡಿಸುವುದು ಸರಕಾರವಾದುದರಿಂದ ಅದರಲ್ಲಿ ಈ ವಾಗ್ದಾನವಿರುವುದಿಲ್ಲ, ಸಹಿಯೂ ಹಣಕಾಸು ಕಾರ್ಯದರ್ಶಿಯದು. ಬ್ಯಾಂಕಿನ ಮುದ್ರೆಯಲ್ಲಿ ಒಂದು ಮರವೂ ಹುಲಿಯೂ ಕಾಣುತ್ತವೆ. ತೆಂಗು ಕಂಗುಗಳ ನಡುವೆ ಬೆಳೆದ ನಮ್ಮ ಕಣ್ಣಿಗೆ ಮರವೇ ಮೊದಲು ಬೀಳುವುದಾದರೂ ಚರಿತ್ರೆಯಿರುವುದು ಹುಲಿಯಲ್ಲಿ: ಈಸ್ಟ್ ಇಂಡಿಯಾ ಕಂಪನಿಯ ಮೊಹರು ಎಂಬ ಚಿನ್ನದ ನಾಣ್ಯದಲ್ಲಿದ್ದ ಸಿಂಹವನ್ನು ತೆಗೆದು ಅದರ ಜಾಗದಲ್ಲಿ ಹುಲಿಯನ್ನು ನಿಲ್ಲಿಸಲಾಯಿತು. ಬಲತುದಿಯ ಸಿಂಹಗಳು ಸಾರನಾಥದ ಅಶೋಕ ಸ್ತಂಭದವು.

ಇನ್ನು ನೋಟನ್ನು ಬೆಳಕಿಗೆ ಹಿಡಿಯಬೇಕು. ಬಲಬದಿಯ ಖಾಲಿ ಜಾಗದಲ್ಲಿ ಗಾಂಧೀಜಿಯವರ ಮುಖವೂ 50 ಎಂಬ ಅಂಕೆಯೂ ಕಾಗದದೊಳಗಿನಿಂದ ಮೂಡುತ್ತವೆ. ಮುಂಭಾಗದಲ್ಲಿ ತುಂಡುತುಂಡಾಗಿ ಕಾಣುತ್ತಿದ್ದ ಭದ್ರತಾ ದಾರ ಒಂದೇ ಗೆರೆಯಾಗುತ್ತದೆ. ಮುಸ್ಸಂಜೆಯ ಅಂಗಡಿ ದೀಪಕ್ಕಿಂತ ಹಗಲಿನ ಕಿಟಕಿಯೇ ಇದಕ್ಕೆ ಒಳ್ಳೆಯದು. ನೋಟಿನ ಸಂಖ್ಯೆಯಲ್ಲಿ ಮೊದಲ ಮೂರು ಗುರುತುಗಳು ಒಂದೇ ಗಾತ್ರದಲ್ಲಿದ್ದು, ಮುಂದಿನ ಅಂಕೆಗಳು ಎಡದಿಂದ ಬಲಕ್ಕೆ ದೊಡ್ಡದಾಗುತ್ತ ಹೋಗುವುದನ್ನೂ ಗಮನಿಸಿರಿ.

ಹಿಂಬದಿಗೆ ತಿರುಗಿಸಿದರೆ ಹಂಪಿ. ಕಲ್ಲಿನ ರಥವೆಂದು ಕರೆದು ರೂಢಿಯಾಗಿದ್ದರೂ ಅದು ಜಾತ್ರೆಗೆ ಎಳೆಯುವ ತೇರಲ್ಲ, ವಿಜಯ ವಿಠ್ಠಲ ದೇವಾಲಯದ ಅಂಗಳದಲ್ಲಿ ರಥದ ಆಕಾರದಲ್ಲಿ ಕಟ್ಟಿದ ಗರುಡನ ಗುಡಿ. ವಿಷ್ಣುವಿನ ವಾಹನವಾದುದರಿಂದ ಗರುಡನಿಗೆ ಅಲ್ಲಿ ಸ್ಥಾನ. ಅದರ ಪಕ್ಕದ ಕನ್ನಡಕ ಸ್ವಚ್ಛ ಭಾರತದ ಗುರುತು. ಅದರ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ.

ನಾನು ಹೆಚ್ಚು ಹೊತ್ತು ನೋಡುವುದು ಎಡಬದಿಯ ಭಾಷೆಗಳ ಪಟ್ಟಿಯನ್ನು. ಅಲ್ಲಿ ಹದಿನೈದು ಸಾಲುಗಳಿವೆ. ಕ್ರಮ ಭಾಷೆಗಳ ಇಂಗ್ಲಿಷ್ ಹೆಸರಿನ ಅಕ್ಷರಾನುಕ್ರಮ. ಮೇಲಿನಿಂದ ಎಣಿಸಿದರೆ ಅಸ್ಸಾಮಿ, ಬಂಗಾಳಿ, ಗುಜರಾತಿಗಳ ಬಳಿಕ ನಾಲ್ಕನೆಯದು ಕನ್ನಡ, ಏಳನೆಯದು ಮಲಯಾಳ. ಕೊಂಕಣಿ ಮರಾಠಿಗಳೆರಡೂ ದೇವನಾಗರಿಯಲ್ಲಿರುವುದರಿಂದ ಗೊಂದಲವಾದರೆ, ಮಲಯಾಳದ ನೇರ ಮೇಲಿನದು ಕೊಂಕಣಿ, ನೇರ ಕೆಳಗಿನದು ಮರಾಠಿ ಎಂದು ಹಿಡಿದರೆ ಸಾಕು. ಕೊನೆಯ ಸಾಲು ಉರ್ದು. ಸಪ್ತಭಾಷಾ ಸಂಗಮಭೂಮಿಯೆನ್ನಿಸಿಕೊಂಡ ನಮ್ಮ ಜಿಲ್ಲೆಯ ಐದು ಭಾಷೆಗಳು ಹೀಗೆ ಸಿಕ್ಕಿದವು. ತುಳುವಿಗೂ ಬ್ಯಾರಿಗೂ ಸಾಲಿಲ್ಲ. ಕೇರಳ-ಕರ್ನಾಟಕ ಗಡಿಯಾದ ತಲಪಾಡಿಯ ಆಚೆಗಾಗಲಿ ಈಚೆಗಾಗಲಿ ಮಾತಿನಲ್ಲಿ ಯಾರೂ ರೂಪಾಯಿಗೆ ‘ಗಳು’ ಸೇರಿಸುವುದಿಲ್ಲವಾದರೂ, ನಾಲ್ಕನೆಯ ಸಾಲು ಬಹುವಚನವನ್ನು ಬಿಟ್ಟಿಲ್ಲ.