ಸವಾರಿ ನಿಂತಾಗ ಕುದುರೆಗೆ ನೆಲದ ಪಾಠ

ಕಾಲು ಮುರಿದೋ ಸೊಂಟ ಹಿಡಿದೋ ಸವಾರರು ತಿಂಗಳುಗಟ್ಟಲೆ ಮನೆಯಲ್ಲಿ ಕುಳಿತಾಗ, ಬೆಂಗಳೂರಿನ ಸುತ್ತಮುತ್ತಲ ಲಾಯಗಳಲ್ಲಿ ನಾನು ಮತ್ತೆ ಮತ್ತೆ ಕಾಣುವುದು ಇದನ್ನೇ: ಕುದುರೆ ದಿನವಿಡೀ ಲಾಯದಲ್ಲಿ ನಿಂತಿರುತ್ತದೆ, ಸಂಜೆ ಅದನ್ನು ಉದ್ದ ಹಗ್ಗಕ್ಕೆ ಹಾಕಿ ಅರ್ಧ ಗಂಟೆ ಒಂದೇ ದಿಕ್ಕಿಗೆ ಗರಗರ ಓಡಿಸುತ್ತಾರೆ. ಸುಸ್ತಾದರೆ ತೆಪ್ಪಗಿರುತ್ತದೆ ಎಂಬ ಲೆಕ್ಕ. ಆದರೆ ಇಲ್ಲಿನ ಸವಾರಿ ಕುದುರೆಗಳಲ್ಲಿ ಬಹಳಷ್ಟು ಪಂದ್ಯದಿಂದ ಬಿಡುಗಡೆಯಾದ, ಓಟಕ್ಕೆಂದೇ ಬೆಳೆಸಿದ ಥರೋಬ್ರೆಡ್‌ಗಳು. ಓಡಿಸಿದಷ್ಟೂ ಅವುಗಳ ದಮ್ಮು ಬೆಳೆಯುತ್ತದೆ, ಸವೆಯುವುದು ಕೀಲುಗಳು ಮಾತ್ರ. ಈ ಬಿಡುವಿನಲ್ಲಿ ಬೇಕಿರುವುದು ನೆಲದ ಪಾಠ, ಅಂದರೆ ಬೆನ್ನೇರದೆ ನೆಲದಲ್ಲಿ ನಿಂತೇ ಕುದುರೆಗೆ ಕಲಿಸುವುದು.

ಮೊದಲ ಕೆಲಸ ಮೇವಿನ ತೊಟ್ಟಿಯಲ್ಲಿ. ಸವಾರಿ ನಿಂತ ದಿನವೇ ಹುರಳಿ, ಓಟ್ಸ್ ತಗ್ಗಿಸಿ. 450 ಕಿಲೋ ತೂಗುವ ಕುದುರೆಗೆ ದಿನಕ್ಕೆ 7ರಿಂದ 9 ಕಿಲೋ ಒಣಹುಲ್ಲು ಸಿಗಲಿ. ಕಾಳು ತಿಂದು ಸುಮ್ಮನೆ ನಿಂತ ಕುದುರೆ ಮತ್ತೆ ಕೆಲಸಕ್ಕಿಳಿದಾಗ ಅದರ ಸ್ನಾಯುಗಳು ಸೆಟೆದುಕೊಳ್ಳಬಹುದು. ಭಾನುವಾರ ರಜೆಯಲ್ಲಿ ತಿಂದು ನಿಂತ ಗಾಡಿ ಕುದುರೆಗಳಿಗೆ ಮರುದಿನ ಹೀಗಾಗುತ್ತಿದ್ದುದರಿಂದ ಹಿಂದೆ ಇದಕ್ಕೆ ಸೋಮವಾರದ ಕಾಯಿಲೆ ಎಂದೇ ಹೆಸರಿತ್ತು.

ಪಾಠಕ್ಕೆ ಬೇಕಾದದ್ದು ಹಾಲ್ಟರ್ (ಕುದುರೆಯ ತಲೆಗೆ ಹಾಕುವ ಪಟ್ಟಿ), 12 ಅಡಿಯ ದಪ್ಪ ಹತ್ತಿ ಹಗ್ಗ, ಕೈಗವಸು, ಹೆಲ್ಮೆಟ್, ಗಟ್ಟಿ ಬೂಟು. ಬಣ್ಣಬಣ್ಣದ ತೆಳು ನೈಲಾನ್ ಹಗ್ಗ ಕೊಳ್ಳಲೇಬೇಡಿ. ಕುದುರೆ ಒಮ್ಮೆ ಜಗ್ಗಿದರೆ ಅಂಗೈ ಚರ್ಮ ಕಿತ್ತು ಬರುತ್ತದೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ಮಡಿಕೆ ಮಾಡಿ ಅಂಗೈಯಲ್ಲಿ ಹಿಡಿಯಬೇಕು. ಕೈಗೆ ಪ್ಲಾಸ್ಟರ್ ಹಾಕಿಕೊಂಡವರು ಅಥವಾ ಊರುಗೋಲು ಹಿಡಿದವರು ಬೇಲಿಯ ಹೊರಗೆ ಕುರ್ಚಿ ಹಾಕಿಸಿಕೊಂಡು, ಕುದುರೆ ನೋಡಿಕೊಳ್ಳುವ ಸಾಯಿಸ್‌ಗೆ ಹೇಳಿಕೊಡಿ. ಒಳಗೆ ಬರಬೇಡಿ.

ದಿನವೂ 20 ನಿಮಿಷ ಹಗ್ಗ ಹಿಡಿದು ನಡೆಸಿ, ನಿಲ್ಲಿಸಿ, ಮತ್ತೆ ನಡೆಸಿ. ಎಡಗಡೆಯಿಂದಷ್ಟೇ ಹಿಡಿದು ರೂಢಿಯಾಗಿರುವ ಕುದುರೆಯನ್ನು ಬಲಗಡೆಯಿಂದಲೂ ನಡೆಸಿ.

ಇನ್ನು ಎಲ್ಲರೂ ಎಡವುವ ಹಂತ: ಕುದುರೆಯನ್ನು ಹಿಂದಕ್ಕೆ ಸರಿಸುವುದು. ನೇರ ಮೂಗಿನ ಮುಂದೆ ನಿಲ್ಲಬೇಡಿ, ಅಲ್ಲಿ ನೀವು ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ತುಸು ಪಕ್ಕಕ್ಕೆ ನಿಂತು, ಹಾಲ್ಟರ್ ಕೊಂಡಿಯಿಂದ ನಾಲ್ಕು ಬೆರಳು ಕೆಳಗೆ ಹಗ್ಗ ಹಿಡಿದು, ಅದರ ಎದೆಯ ಕಡೆಗೆ ಹದವಾಗಿ ಒತ್ತಿ. ಜಗ್ಗಬೇಡಿ. ಒತ್ತಡವನ್ನು ಹೆಚ್ಚಿಸದೆ, ಇಳಿಸದೆ ಹಾಗೇ ಹಿಡಿದಿರಿ. ಕುದುರೆ ಮೊದಲು ತಲೆ ಎತ್ತುತ್ತದೆ, ಆಮೇಲೆ ನಿಮ್ಮ ಕೈಗೇ ಒರಗುತ್ತದೆ. ಈಗ ಅದರ ಮುಂಗಾಲನ್ನು ನೋಡಿ. ಭುಜದ ಸ್ನಾಯು ಒಮ್ಮೆ ಅದುರಿ, ಭಾರ ಹಿಂದಕ್ಕೆ ವಾಲಿ, ಗೊರಸು ನೆಲ ಬಿಡುತ್ತದೆ. ಕೈ ಸಡಿಲಿಸಬೇಕಾದ ಕ್ಷಣ ಅದೇ. ಕುದುರೆ ಕಲಿಯುವುದು ಒತ್ತಡದಿಂದಲ್ಲ, ಒತ್ತಡ ತಪ್ಪಿದ್ದರಿಂದ. ಹೆಜ್ಜೆ ಇಟ್ಟ ಮೇಲೂ ಒತ್ತುತ್ತಿದ್ದರೆ ಸರಿದರೂ ಬಿಡುಗಡೆಯಿಲ್ಲ ಎಂದು ಅದಕ್ಕೆ ಮನದಟ್ಟಾಗುತ್ತದೆ. ತಲೆ ಕೊಡವಿದಾಗ ಬೆದರಿ ಬಿಟ್ಟುಬಿಟ್ಟರೆ ತಲೆ ಕೊಡವುವುದನ್ನೇ ಕಲಿಯುತ್ತದೆ. ಮೂಗಿನ ಮೇಲೆ ಸರಪಳಿ ಹಾಕಿದರೆ ಬೇಗ ಸರಿಯುತ್ತದೆ ಎನ್ನುವವರಿದ್ದಾರೆ. ಅದು ನೋವಿಗೆ ಸರಿಯುವುದು, ನಿಮ್ಮ ಕೈಯ ಮಾತಿಗಲ್ಲ. ಒಂದೇ ಹೆಜ್ಜೆ ಸಾಕು. ಕತ್ತು ಸವರಿ, ಅರೆ ನಿಮಿಷ ಬಿಟ್ಟು ಮತ್ತೆ ಕೇಳಿ. ದಿನಕ್ಕೆ ಐದಾರು ಸಲಕ್ಕಿಂತ ಹೆಚ್ಚು ಬೇಡ. ಇದು ಕೈವಶವಾದರೆ ಹಿಂಭಾಗವನ್ನು ಪಕ್ಕಕ್ಕೆ ಸರಿಸುವುದಕ್ಕೂ ಇದೇ ಕ್ರಮ.

ಸುತ್ತು ಹಾಕಿಸುವುದು ಇದಾದ ಮೇಲೆಯೇ. ಅದಕ್ಕೆ ಉದ್ದ ಹಗ್ಗ ಬೇಕು, ವೃತ್ತದ ಅಡ್ಡಳತೆ 20 ಮೀಟರ್ ಇರಲಿ; ಕಿರಿದಾದ ಸುತ್ತು ಕಾಲಿನ ಕೀಲುಗಳನ್ನು ತಿರುಚುತ್ತದೆ. ನಡಿಗೆ ಮತ್ತು ದುಲಕಿ (ಹಗುರ ಓಟ) ಸೇರಿ 15 ನಿಮಿಷ, ಎರಡು ಮೂರು ನಿಮಿಷಕ್ಕೊಮ್ಮೆ ದಿಕ್ಕು ಬದಲಿಸಿ. ಕುದುರೆ ಪದೇ ಪದೇ ನಿಂತು ನಿಮ್ಮತ್ತ ತಿರುಗಿದರೆ ನೀವು ಅದರ ಭುಜಕ್ಕಿಂತ ಮುಂದೆ ಹೋಗಿದ್ದೀರಿ ಎಂದರ್ಥ. ಒಂದು ಹೆಜ್ಜೆ ಹಿಂದೆ ಸರಿದು ಅದರ ಹೊಟ್ಟೆಗೆ ಎದುರಾಗಿ ನಿಂತರೆ ಚಾಟಿ ಎತ್ತದೆಯೇ ಹೊರಡುತ್ತದೆ.

ನೆಲದಲ್ಲಿ ಗಳ ಹಾಸಿ ದಾಟಿಸುವುದು ಬೆನ್ನಿಗೂ ಹೊಟ್ಟೆಗೂ ಒಳ್ಳೆಯದು. ನಡಿಗೆಗೆ ಗಳಗಳ ನಡುವೆ ಸುಮಾರು 80 ಸೆಂಟಿಮೀಟರ್ ಬಿಡಿ. ಬಿದಿರು, ಪ್ಲಾಸ್ಟಿಕ್ ಪೈಪು ಬೇಡ, ಗೊರಸಿನಡಿ ಉರುಳುತ್ತವೆ. ಭಾರವಾದ ನೀಲಗಿರಿ ಗಳಗಳಿಗೆ ಎರಡೂ ತುದಿಯಲ್ಲಿ ಇಟ್ಟಿಗೆ ಕೊಡಿ.

ಬೆದರುವ ಕುದುರೆಗೆ ಈ ಬಿಡುವು ವರವೇ ಸರಿ. ಮೈಸೂರಿನಲ್ಲಿ ದಸರೆಗೆ ಮುನ್ನ ಆನೆಗಳ ಜೊತೆ ಅಶ್ವಾರೋಹಿ ದಳದ ಕುದುರೆಗಳಿಗೂ ಫಿರಂಗಿ ಸಿಡಿಸುವ ಕುಶಾಲತೋಪಿನ ತಾಲೀಮು ನಡೆಯುತ್ತದೆ. ಸದ್ದಿನ ರೂಢಿ ಮಾಡಿಸದೆ ಯಾವ ಕುದುರೆಯನ್ನೂ ಮೆರವಣಿಗೆಗೆ ಇಳಿಸುವುದಿಲ್ಲ. ನೀವು ಟಾರ್ಪಾಲಿನಿಂದ ಶುರುಮಾಡಿ. ಮಡಚಿ ದೂರದಲ್ಲಿಡಿ, ಕುದುರೆ ಕತ್ತು ಇಳಿಸಿ ತಾನಾಗಿ ಮೂಸುವವರೆಗೆ ಹತ್ತಿರ ಎಳೆಯಬೇಡಿ.

ವೈದ್ಯರು ಸವಾರಿಗೆ ಒಪ್ಪಿದ ಮೇಲೂ ಒಂದು ವಾರ ಜೀನು ಬಿಗಿದು ನೆಲದಲ್ಲೇ ನಡೆಸಿ. ಬೆನ್ನಿನ ಸ್ನಾಯು ಕರಗಿರುತ್ತದೆ, ಹಳೆಯ ಜೀನು ಈಗ ಬೆನ್ನುಮೂಳೆಗೆ ತಾಗಬಹುದು. ಬಿಚ್ಚಿದ ಕೂಡಲೇ ಬೆವರಿನ ಗುರುತು ನೋಡಿ. ಎರಡೂ ಕಡೆ ಸಮನಾಗಿ ಒದ್ದೆಯಾಗಿರಬೇಕು. ನಡುವೆ ಎಲ್ಲಾದರೂ ಅಂಗೈಯಗಲ ಒಣಗಿದ್ದರೆ ಜೀನು ಅಲ್ಲಿ ಒತ್ತುತ್ತಿರಬಹುದು, ಸರಿಪಡಿಸದೆ ಏರಬೇಡಿ.