ಒಪ್ಪಿಗೆ ಸಿಕ್ಕ ದಿನದ ಆ ವರ್ಡ್ ಫೈಲ್

ನಮ್ಮ ಕಾಲೇಜಿನ ಸಸ್ಯಶಾಸ್ತ್ರದ ಮೇಡಂ ಒಂದು ಮಧ್ಯಾಹ್ನ ಲೈಬ್ರರಿಗೆ ಬಂದರು. ಅವರ ಪೇಪರ್ ಒಂದು ವಿದೇಶಿ ಜರ್ನಲ್‌ನಲ್ಲಿ ಬಂದು ಮೂರು ತಿಂಗಳಾಗಿತ್ತು. ನಮ್ಮ ತಾಲ್ಲೂಕಿನ ಕಾನುಗಳಲ್ಲಿ ಬೆಳೆಯುವ ಜರೀಗಿಡಗಳ ಬಗ್ಗೆ ನಾಲ್ಕು ಮಳೆಗಾಲ ಓಡಾಡಿ ಮಾಡಿದ ಕೆಲಸ ಅದು. ಮಕ್ಕಳಿಗೆ ಓದಲು ಕೊಡೋಣ ಎಂದು ಜರ್ನಲ್‌ನ ಪುಟ ತೆರೆದರೆ, ಮೂವತ್ತು ಚಿಲ್ಲರೆ ಡಾಲರ್ ಕಟ್ಟಿ ಎಂದು ಬಂತಂತೆ. "ನಂದೇ ಪೇಪರ್, ನನಗೇ ತೆಗೆಯೋಕೆ ಆಗ್ತಿಲ್ಲ. ನೀವೇ ಏನಾದ್ರೂ ಮಾಡಿ ಸರ್" ಅಂದರು.

ಕೆಲಸ ಅವರದು, ಬರೆದವರು ಅವರು. ಅದನ್ನು ಓದಿ ತಿದ್ದಿಸಿದ ಇಬ್ಬರು ರಿವ್ಯೂವರ್‌ಗಳೂ ಯಾವುದೋ ಕಾಲೇಜಿನ ಮೇಷ್ಟ್ರುಗಳೇ ಇರಬೇಕು, ಅವರಿಗೂ ಯಾರೂ ದುಡ್ಡು ಕೊಟ್ಟಿರಲಿಕ್ಕಿಲ್ಲ. ಆದರೆ ಆ ಕಾಡಿನ ಪಕ್ಕದಲ್ಲೇ ಹುಟ್ಟಿ ಬೆಳೆದ ಹುಡುಗಿ ಅದನ್ನು ಓದಬೇಕೆಂದರೆ ಡಾಲರ್ ಕೊಡಬೇಕು. ಅವತ್ತು ನನಗೆ ತುಂಬಾ ಬೇಸರವಾಯಿತು.

ಅದುವರೆಗೂ ಓಪನ್ ಆಕ್ಸೆಸ್, ಅಂದರೆ ಪೇಪರ್‌ಗಳು ಎಲ್ಲರಿಗೂ ಉಚಿತವಾಗಿ ಓದಲು ಸಿಗುವುದು, ಎಂದರೆ ನನಗೆ ಬೇರೆಯವರ ಪೇಪರ್ ಹುಡುಕಿ ಕೊಡುವ ಕೆಲಸ. ಮಕ್ಕಳಿಗೆ ಗೂಗಲ್ ಸ್ಕಾಲರ್‌ನಲ್ಲಿ ಒಂದೇ ಲೇಖನದ ಎಲ್ಲ ಪ್ರತಿಗಳನ್ನೂ ನೋಡುವುದು ಕಲಿಸುತ್ತಿದ್ದೆ. ಬ್ರೌಸರ್‌ಗೆ ಅನ್‌ಪೇವಾಲ್ ಎಂಬ ಪುಟ್ಟ ಎಕ್ಸ್‌ಟೆನ್ಶನ್ ಹಾಕಿಕೊಡುತ್ತಿದ್ದೆ. ಎಲ್ಲಾದರೂ ಉಚಿತ ಪ್ರತಿ ಇದ್ದರೆ ಅದು ಪಕ್ಕದಲ್ಲಿ ಹಸಿರು ಬೀಗ ತೋರಿಸುತ್ತದೆ. ಏನೂ ಸಿಗದಿದ್ದರೆ ಲೇಖಕರಿಗೇ ಮೇಲ್ ಬರೆಯಿರಿ ಎನ್ನುತ್ತಿದ್ದೆ. ಆದರೆ ಆ ಹಸಿರು ಬೀಗದ ಹಿಂದಿನ ಪ್ರತಿಯನ್ನು ಯಾರೋ ಒಬ್ಬರು ಕೂತು ಹಾಕಿರಬೇಕು ಅಲ್ವಾ? ನಮ್ಮ ಕಾಲೇಜಿನವರ ಪೇಪರ್‌ಗಳನ್ನು ಹಾಕುವವರು ಯಾರು ಎಂದು ನಾನು ಯೋಚಿಸಿಯೇ ಇರಲಿಲ್ಲ.

2002ರ ಫೆಬ್ರವರಿ 14ರಂದು ಹೊರಬಂದ, ಓಪನ್ ಆಕ್ಸೆಸ್ ಕುರಿತ ಬುಡಾಪೆಸ್ಟ್ ಘೋಷಣೆ ಎರಡು ದಾರಿ ಹೇಳಿತ್ತು. ಒಂದು, ಎಲ್ಲರಿಗೂ ತೆರೆದಿರುವ ಜರ್ನಲ್‌ಗಳು. ಇನ್ನೊಂದು, ಬರೆದವರೇ ತಮ್ಮ ಪ್ರತಿಯನ್ನು ಸಾರ್ವಜನಿಕ ರೆಪಾಸಿಟರಿಯಲ್ಲಿ, ಅಂದರೆ ಪೇಪರ್‌ಗಳನ್ನು ಕೂಡಿಡುವ ಆನ್‌ಲೈನ್ ಭಂಡಾರದಲ್ಲಿ, ಇಡುವುದು. ಅದೇ ವರ್ಷ ಬೆಂಗಳೂರಿನ ಐಐಎಸ್‌ಸಿಯಲ್ಲಿ ಟಿ.ಬಿ. ರಾಜಶೇಖರ್ ಅವರ ಮುಂದಾಳತ್ವದಲ್ಲಿ ಸಂಸ್ಥೆಯ ಪೇಪರ್‌ಗಳಿಗಾಗಿ ಇಪ್ರಿಂಟ್ಸ್ ರೆಪಾಸಿಟರಿ ಶುರುವಾಯಿತು, ದೇಶದಲ್ಲೇ ಮೊದಲನೆಯದು. ನಮ್ಮ ರಾಜ್ಯದಲ್ಲೇ ಇಷ್ಟು ಹಿಂದೆ ಆದ ಕೆಲಸ ನಮ್ಮಂಥ ಊರಿನ ಕಾಲೇಜಿಗೆ ಯಾಕೆ ಬರಬಾರದು ಅನ್ನಿಸಿತು.

ಹಾಕಬೇಕಾದ ಪೇಪರ್‌ಗಳ ಪಟ್ಟಿ ಮಾಡುವುದು ಕಷ್ಟವಾಗಲಿಲ್ಲ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆಂದು ಎಲ್ಲರ ಪೇಪರ್‌ಗಳ ಎಕ್ಸೆಲ್ ಶೀಟ್ ಮೊದಲೇ ಇತ್ತು. ಅದರ ಪಕ್ಕಕ್ಕೆ ನಾಲ್ಕು ಕಾಲಂ ಸೇರಿಸಿದೆ: ಯಾವ ಪ್ರತಿ ಹಾಕಬಹುದು, ಯಾವಾಗಿನಿಂದ, ಎಲ್ಲಿ, ಯಾವ ಲೈಸೆನ್ಸ್.

ಈ ನಾಲ್ಕು ಕಾಲಂ ತುಂಬಲು ಬ್ರಿಟನ್ನಿನ ಜಿಸ್ಕ್ ಸಂಸ್ಥೆಯ ಉಚಿತ ಸೇವೆಯೊಂದಿದೆ. ಶೆರ್ಪಾ ರೋಮಿಯೋ ಎಂದು ಹೆಸರಾಗಿತ್ತು, ಈಗ ಓಪನ್ ಪಾಲಿಸಿ ಫೈಂಡರ್ ಎನ್ನುತ್ತಾರೆ. ಜರ್ನಲ್ ಹೆಸರು ಹಾಕಿದರೆ ಆ ಪ್ರಕಾಶಕರ ನಿಯಮವನ್ನು ಮೂರು ಪ್ರತಿಗಳಿಗೆ ಬೇರೆ ಬೇರೆಯಾಗಿ ತೋರಿಸುತ್ತದೆ. ಮೊದಲನೆಯದು ನಾವು ಕಳಿಸಿದ ಪ್ರತಿ. ಎರಡನೆಯದು ರಿವ್ಯೂ ಆಗಿ, ತಿದ್ದಿ, ಒಪ್ಪಿಗೆ ಸಿಕ್ಕ ಪ್ರತಿ. ಮೂರನೆಯದು ಜರ್ನಲ್‌ನವರು ಪುಟ ಕಟ್ಟಿ ಅಚ್ಚು ಮಾಡಿದ ಪಿಡಿಎಫ್.

ಎಲ್ಲರೂ ಹಾಕಲು ಬಯಸುವುದು ಮೂರನೆಯದನ್ನು. ಅದು ನೋಡಲು ಚೆನ್ನಾಗಿರುತ್ತದೆ. ಆದರೆ ಚಂದಾ ಜರ್ನಲ್‌ಗಳಲ್ಲಿ ಅದಕ್ಕೆ ಸಾಮಾನ್ಯವಾಗಿ ಅನುಮತಿ ಇರುವುದಿಲ್ಲ. ಎರಡನೆಯದಕ್ಕೆ ಬಹಳಷ್ಟು ಕಡೆ ಇದೆ, ಕೆಲವೊಮ್ಮೆ ಆರು ತಿಂಗಳೋ ವರ್ಷವೋ ಕಾದ ಮೇಲೆ. ಅದರಲ್ಲೂ ವಿಷಯ ಅಷ್ಟೇ ಇರುತ್ತದೆ, ರಿವ್ಯೂವರ್ ಹೇಳಿದ ತಿದ್ದುಪಡಿ ಎಲ್ಲ ಸೇರಿರುತ್ತದೆ. ಇಲ್ಲದಿರುವುದು ಜರ್ನಲ್‌ನವರು ಕೊನೆಗೆ ಮಾಡುವ ಸಣ್ಣಪುಟ್ಟ ಭಾಷಾ ತಿದ್ದುಪಡಿ, ಪುಟವಿನ್ಯಾಸ ಮತ್ತು ಪುಟಸಂಖ್ಯೆ ಮಾತ್ರ.

ಇನ್ನೇನು ಕೆಲಸ ಮುಗಿದೇ ಹೋಯಿತು ಅಂದುಕೊಂಡೆ. ನಿಜವಾದ ಕಷ್ಟ ಶುರುವಾದದ್ದು ಅಲ್ಲಿಂದ. ಆ ಎರಡನೆಯ ಪ್ರತಿ ಯಾರ ಬಳಿಯೂ ಇರಲಿಲ್ಲ!

ಪಿಡಿಎಫ್ ಬಂದ ಮೇಲೆ ವರ್ಡ್ ಫೈಲ್ ಯಾಕೆ ಎಂದು ಎಲ್ಲರೂ ಬಿಟ್ಟುಬಿಟ್ಟಿದ್ದರು. ಕೆಮಿಸ್ಟ್ರಿ ಸರ್ ಅವರದು ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿದಾಗ ಹೋಗಿತ್ತು. ಇನ್ನೊಬ್ಬರ ಬಳಿ 'ಫೈನಲ್', 'ಫೈನಲ್ ಹೊಸದು', 'ಫೈನಲ್ ಕೊನೆಯದು' ಎಂದು ಐದು ಫೈಲ್ ಇದ್ದವು. ಯಾವುದಕ್ಕೆ ಒಪ್ಪಿಗೆ ಸಿಕ್ಕಿದ್ದು ಎಂದು ಅವರಿಗೇ ಗೊತ್ತಿರಲಿಲ್ಲ. ಅಚ್ಚಾದ ಪೇಪರನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲು ಹೋಲಿಸಿ ಹುಡುಕಿದೆವು. ಬಹಳಷ್ಟು ಫೈಲ್‌ಗಳು ಎರಡು ಕಡೆ ಸಿಕ್ಕವು. ಒಂದು, ಹಳೆಯ ಜಿಮೇಲ್ ಅಟ್ಯಾಚ್‌ಮೆಂಟ್. ಇನ್ನೊಂದು, ಪೇಪರ್ ಸಲ್ಲಿಸಲು ಬಳಸಿದ ಜರ್ನಲ್‌ನ ಲಾಗಿನ್. ಅಲ್ಲಿ ಹಳೆಯ ಫೈಲ್‌ಗಳು ಎಷ್ಟೋ ವರ್ಷ ಹಾಗೇ ಇರುತ್ತವೆ, ಪಾಸ್‌ವರ್ಡ್ ಮಾತ್ರ ಹೊಸದಾಗಿ ತರಿಸಿಕೊಳ್ಳಬೇಕು. ಹಾಗೂ ಸಿಗದಿದ್ದರೆ ಸಹಲೇಖಕರನ್ನು ಕೇಳಬೇಕು. ಒಬ್ಬರದು ಧಾರವಾಡದ ಗೆಳೆಯರ ಪೆನ್‌ಡ್ರೈವ್‌ನಲ್ಲಿ ಸಿಕ್ಕಿತು.

ಅದಕ್ಕೇ ನಾನು ಈಗ ಯಾವ ಮೇಷ್ಟ್ರು ಸಿಕ್ಕರೂ ಹೇಳುವುದು ಇದೊಂದೇ ಮಾತು. ಪೇಪರ್‌ಗೆ ಒಪ್ಪಿಗೆಯ ಮೇಲ್ ಬಂದ ದಿನವೇ ಆ ಫೈಲನ್ನು ಎತ್ತಿಡಿ. ಹೆಸರಿನಲ್ಲೇ 'ಒಪ್ಪಿಗೆಯಾದದ್ದು' ಎಂದು ಬರೆದು ದಿನಾಂಕ ಹಾಕಿ. ಒಂದು ಪ್ರತಿ ಲೈಬ್ರರಿಗೂ ಕಳಿಸಿ.

ಎಲ್ಲಿ ಹಾಕುವುದು ಎಂಬುದರಲ್ಲಿ ನಾನೊಂದು ತಪ್ಪು ಮಾಡಿದೆ. ಕಾಲೇಜಿನದೇ ರೆಪಾಸಿಟರಿ ಇರಲಿ ಎಂದು ಲೈಬ್ರರಿಯ ಹಳೆಯ ಕಂಪ್ಯೂಟರ್‌ನಲ್ಲಿ ಡಿಸ್ಪೇಸ್ ಹಾಕಿಸಿದೆ. ಅದು ಒಳ್ಳೆಯ ತಂತ್ರಾಂಶ, ದುಡ್ಡೂ ಬೇಡ. ಆದರೆ ಅದನ್ನು ಹಗಲು ರಾತ್ರಿ ನೋಡಿಕೊಳ್ಳಲು ಒಬ್ಬರು ಬೇಕು. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ದಿನ ಇರುವುದಿಲ್ಲ. ಶನಿವಾರ ಸಂಜೆ ಬಾಗಿಲು ಹಾಕುವಾಗ ಮೇನ್ ಸ್ವಿಚ್ ಆಫ್ ಮಾಡುತ್ತಾರೆ. ಕೊಂಡಿ ಒತ್ತಿದರೆ ಪುಟ ತೆರೆಯದ ರೆಪಾಸಿಟರಿ ಇದ್ದೂ ಇಲ್ಲದಂತೆ. ನಾಲ್ಕು ತಿಂಗಳಿಗೆ ನಿಲ್ಲಿಸಿದೆ.

ಆಮೇಲೆ ಝೆನೋಡೋ ಎಂಬ ಉಚಿತ ಆನ್‌ಲೈನ್ ರೆಪಾಸಿಟರಿಗೆ ಹೋದೆವು. 2013ರಲ್ಲಿ ಶುರುವಾದದ್ದು, ಜಿನೀವಾ ಬಳಿಯ ಭೌತವಿಜ್ಞಾನ ಸಂಶೋಧನಾ ಕೇಂದ್ರ ಸರ್ನ್ ನಡೆಸುತ್ತದೆ. ವಿಜ್ಞಾನವೇ ಆಗಬೇಕೆಂದಿಲ್ಲ, ಇತಿಹಾಸ, ಸಾಹಿತ್ಯ, ಯಾವುದನ್ನಾದರೂ ಹಾಕಬಹುದು. ನಮ್ಮ ಕಾಲೇಜಿನ ಹೆಸರಲ್ಲಿ ಅಲ್ಲೊಂದು ಕಮ್ಯುನಿಟಿ, ಅಂದರೆ ನಮ್ಮ ಪೇಪರ್‌ಗಳೆಲ್ಲ ಒಟ್ಟಿಗೆ ಕಾಣುವ ಪುಟ, ಮಾಡಿಕೊಂಡೆವು. ಕೆಲವು ಪ್ರಕಾಶಕರು ಸ್ವಂತ ಸಂಸ್ಥೆಯ ರೆಪಾಸಿಟರಿಗೆ ಮಾತ್ರ ಅನುಮತಿ ಕೊಡುತ್ತಾರೆ, ಅಂಥವನ್ನು ಬೇರೆ ಎತ್ತಿಟ್ಟಿದ್ದೇವೆ. ಫಿಸಿಕ್ಸ್ ಸರ್‌ಗೆ ಇದ್ಯಾವುದೂ ಬೇಕಾಗಲಿಲ್ಲ. ಅವರ ಕ್ಷೇತ್ರದವರು 1991ರಿಂದಲೂ ಆರ್ಕೈವ್ (arXiv) ಎಂಬ ರೆಪಾಸಿಟರಿಯಲ್ಲಿ ತಮ್ಮ ಪೇಪರ್ ಹಾಕುತ್ತಲೇ ಬಂದಿದ್ದಾರೆ. ಇವರದೂ ಎಲ್ಲ ಅಲ್ಲೇ ಇತ್ತು.

ಝೆನೋಡೋದಲ್ಲಿ ಎರಡು ಕಡೆ ಎಚ್ಚರ ಬೇಕು. ಲೈಸೆನ್ಸ್ ಜಾಗದಲ್ಲಿ ಅದು ತಾನೇ ಸಿಸಿ ಬೈ ಎಂದು ತುಂಬಿರುತ್ತದೆ. ಅದರ ಅರ್ಥ, ಬರೆದವರ ಹೆಸರು ಹೇಳಿ ಯಾರು ಹೇಗೆ ಬೇಕಾದರೂ ಬಳಸಬಹುದು ಎಂದು. ನಿಮ್ಮ ಪ್ರಕಾಶಕರು ಅಷ್ಟು ಬಿಟ್ಟಿರದಿದ್ದರೆ ಅದನ್ನು ಬದಲಿಸಲೇಬೇಕು. ಎರಡನೆಯದು, ಕಾಯುವ ಅವಧಿ. ಅದು ಮುಗಿಯಲಿ ಎಂದು ಸುಮ್ನೆ ಕೂರಬೇಡಿ, ಮರೆತುಹೋಗುತ್ತದೆ. ಫೈಲ್ ಈಗಲೇ ಹಾಕಿ ತೆರೆಯುವ ತಾರೀಕು ಕೊಟ್ಟರೆ ಆ ದಿನ ತಾನಾಗಿ ತೆರೆದುಕೊಳ್ಳುತ್ತದೆ. ಜರೀಗಿಡದ ಪೇಪರ್ ಹಾಗೇ ತೆರೆಯಿತು. ಮೇಡಂ ಅವತ್ತು ಮಕ್ಕಳ ವಾಟ್ಸಾಪ್ ಗುಂಪಿಗೆ ಕೊಂಡಿ ಕಳಿಸಿದರು.

ಕನ್ನಡ ಮತ್ತು ಇತಿಹಾಸ ವಿಭಾಗದ್ದು ಬೇರೆಯೇ ಕಥೆ. ಅವರ ಲೇಖನಗಳು ಅಭಿನಂದನ ಗ್ರಂಥ, ಸಮ್ಮೇಳನದ ಸ್ಮರಣ ಸಂಚಿಕೆ, ನಿಂತುಹೋದ ತ್ರೈಮಾಸಿಕಗಳಲ್ಲಿ ಚೆಲ್ಲಾಪಿಲ್ಲಿಯಾಗಿದ್ದವು. ಇವಕ್ಕೆ ದುಡ್ಡಿನ ಗೋಡೆ ಇಲ್ಲ, ಆದರೆ ಮುನ್ನೂರು ಪ್ರತಿ ಅಚ್ಚಾಗಿ ಯಾರದೋ ಕಪಾಟು ಸೇರಿದ ಪುಸ್ತಕವೂ ಓದುಗನಿಗೆ ಮುಚ್ಚಿದ ಬಾಗಿಲೇ. ಇಲ್ಲಿ ಹಕ್ಕಿನ ವಿಷಯ ನಮಗೆ ಅನುಕೂಲವಾಗಿತ್ತು. ಭಾರತದ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಹಕ್ಕನ್ನು ಬಿಟ್ಟುಕೊಡುವುದು ಬರಹದಲ್ಲಿ, ಸಹಿಯೊಂದಿಗೆ ಇದ್ದರೆ ಮಾತ್ರ ಊರ್ಜಿತ. ನಮ್ಮ ಕನ್ನಡದ ಸರ್ ಯಾವ ಸಂಪಾದಕರಿಗೂ ಸಹಿ ಹಾಕಿ ಕೊಟ್ಟಿರಲಿಲ್ಲ. ಹಕ್ಕು ಅವರ ಬಳಿಯೇ ಇತ್ತು. ಆದರೂ ಸಂಪಾದಕರಿಗೆಲ್ಲ ಫೋನ್ ಮಾಡಿ ಕೇಳಿದೆವು. ಒಬ್ಬರೂ ಬೇಡ ಅನ್ನಲಿಲ್ಲ.

ಅಡ್ಡಿಯಾದದ್ದು ನುಡಿ ಫಾಂಟ್. ಹಳೆಯ ಫೈಲ್‌ಗಳು ಯೂನಿಕೋಡ್‌ನಲ್ಲಿಲ್ಲ. ಪಿಡಿಎಫ್ ಮಾಡಿ ಹಾಕಿದರೆ ಕಣ್ಣಿಗೆ ಕನ್ನಡ ಕಾಣುತ್ತದೆ, ಆದರೆ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಗೂಗಲ್‌ನಲ್ಲಿ 'ವೀರಗಲ್ಲು' ಎಂದು ಹುಡುಕಿದರೆ ಆ ಲೇಖನ ಎಂದೂ ಬರುವುದಿಲ್ಲ. ಯಾರೂ ಹುಡುಕಲಾಗದ ಲೇಖನವನ್ನು ತೆರೆದಿಟ್ಟು ಏನು ಪ್ರಯೋಜನ? ಹಾಗಾಗಿ ಒಂದೊಂದನ್ನೂ ಯೂನಿಕೋಡ್‌ಗೆ ಬದಲಿಸುತ್ತಿದ್ದೇವೆ. ಬದಲಿಸುವಾಗ ಅರ್ಕಾವತ್ತು, ಒತ್ತಕ್ಷರ ಜಾಗ ತಪ್ಪುತ್ತವೆ. ಕೂತು ಓದಿ ತಿದ್ದಬೇಕು. ಫೈಲೇ ಇಲ್ಲದವನ್ನು ಸ್ಕ್ಯಾನ್ ಮಾಡಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಪಠ್ಯವಾಗಿ ಸಿಗುತ್ತದೆ. ಹಳಗನ್ನಡದ ಶಾಸನಪಾಠ ಇರುವ ಕಡೆ ಮಾತ್ರ ಅದನ್ನು ನಂಬಬಾರದು.

ಇತಿಹಾಸದ ಸರ್ ಇನ್ನೊಂದು ಮುಖ್ಯ ಮಾತು ಹೇಳಿದರು. "ನಮ್ಮಲ್ಲಿ ಪುಟಸಂಖ್ಯೆ ಇಲ್ದೆ ಉಲ್ಲೇಖ ಕೊಡೋಕಾಗಲ್ಲ." ಅದು ನಿಜ. ಅದಕ್ಕೆ ನಾವು ಪಠ್ಯದ ನಡುವೆ, ಅಚ್ಚಾದ ಪುಸ್ತಕದಲ್ಲಿ ಪುಟ ಬದಲಾಗುವ ಕಡೆ, ಚೌಕ ಕಂಸದಲ್ಲಿ ಆ ಪುಟದ ಅಂಕಿ ಹಾಕುತ್ತಿದ್ದೇವೆ. ಅವರೂ ಈ ಕೆಲಸಕ್ಕೆ ಮನಸ್ಸು ಕೊಟ್ಟದ್ದಕ್ಕೆ ಕಾರಣವಿದೆ. ಬಿ.ಎಲ್. ರೈಸ್ ಸಂಪಾದಿಸಿದ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ ಸಂಪುಟಗಳು ಇಂಟರ್ನೆಟ್ ಆರ್ಕೈವ್ ಎಂಬ ಆನ್‌ಲೈನ್ ಗ್ರಂಥಾಲಯದಲ್ಲಿ ಉಚಿತವಾಗಿ ಸಿಗುತ್ತವೆ. ಅವರ ವಿದ್ಯಾರ್ಥಿಗಳು ತಮ್ಮ ಊರಿನ ಶಾಸನವನ್ನು ಮೊಬೈಲ್‌ನಲ್ಲೇ ಓದುತ್ತಾರೆ. ಆ ಶಾಸನದ ಮೇಲೆ ತಾವು ಬರೆದದ್ದು ಮಾತ್ರ ಆ ಮಕ್ಕಳಿಗೆ ಸಿಗುವುದಿಲ್ಲ ಎಂಬುದು ಅವರನ್ನು ಕಾಡುತ್ತಿತ್ತು.

ಒಬ್ಬರು ಕಿರಿಯ ಉಪನ್ಯಾಸಕರು ಓಪನ್ ಆಕ್ಸೆಸ್ ಎಂದರೆ ದುಡ್ಡು ಕಟ್ಟಿ ಛಾಪಿಸುವುದು ಎಂದೇ ನಂಬಿದ್ದರು. ಮೂರು ದಿನದಲ್ಲಿ ಪ್ರಕಟಿಸುತ್ತೇವೆ ಎಂದು ಮೇಲ್ ಕಳಿಸಿದ ಯಾವುದೋ ಜರ್ನಲ್‌ಗೆ ಸಾವಿರಾರು ರೂಪಾಯಿ ಕೊಟ್ಟು ಮೋಸಹೋಗಿದ್ದರು. ಅವರಿಗೆ ಪರಿಶೀಲಿಸಿ ಸೇರಿಸಿದ ಓಪನ್ ಆಕ್ಸೆಸ್ ಜರ್ನಲ್‌ಗಳ ಡಿಓಎಜೆ (DOAJ) ಪಟ್ಟಿ ತೋರಿಸಿದೆ. ಅದರಲ್ಲಿರುವ ಬಹುಪಾಲು ಜರ್ನಲ್‌ಗಳು ಲೇಖಕರಿಂದ ಒಂದು ಪೈಸೆಯೂ ಕೇಳುವುದಿಲ್ಲ.

'ಒಂದು ರಾಷ್ಟ್ರ ಒಂದು ಚಂದಾ' ಬಂದಿದೆಯಲ್ಲ, ಇನ್ನು ಇದೆಲ್ಲ ಯಾಕೆ ಎಂದು ಕೆಲವರು ಕೇಳುತ್ತಾರೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಕೊಟ್ಟು ಒಪ್ಪಿದ ಯೋಜನೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ಸಿಗುತ್ತವೆ. ಆ ಮಕ್ಕಳಿಗೆ ಅದರಿಂದ ದೊಡ್ಡ ಉಪಕಾರವಾಗಿದೆ, ನನಗೂ ಸಂತೋಷ. ಆದರೆ ನಮ್ಮದು ಖಾಸಗಿ ಆಡಳಿತ ಮಂಡಳಿಯ ಕಾಲೇಜು. ಸರ್ಕಾರಿ ಕಾಲೇಜಿನ ಹುಡುಗನಿಗೂ ಡಿಗ್ರಿ ಮುಗಿದ ಮೇಲೆ ಆ ಬಾಗಿಲು ಮುಚ್ಚುತ್ತದೆ. ಅಡಿಕೆಯ ಎಲೆಚುಕ್ಕೆ ರೋಗದ ಬಗ್ಗೆ ಹೊಸ ಪೇಪರ್ ಓದಬೇಕೆನ್ನುವ ಬಿ.ಎಸ್ಸಿ. ಓದಿದ ತೋಟಗಾರರು ನನ್ನ ಬಳಿ ಬರುತ್ತಾರೆ. ಅವರು ಯಾವ ಚಂದಾದೊಳಗೂ ಇಲ್ಲ. ಅವರಿಗೆ ಸಿಗುವುದು ಬರೆದವರು ಹಾಕಿದ್ದು ಮಾತ್ರ.

ಈಗ ವಿಜ್ಞಾನ ವಿಭಾಗದ ಪಟ್ಟಿ ಬಹುತೇಕ ಮುಗಿದಿದೆ. ಕನ್ನಡದ ಸರ್ ಅವರ ಹನ್ನೊಂದು ಲೇಖನ ಇನ್ನೂ ನುಡಿಯಲ್ಲೇ ಇವೆ. ಅವರು ಮುಂದಿನ ಮಾರ್ಚ್‌ಗೆ ನಿವೃತ್ತರಾಗುತ್ತಾರೆ. ಪ್ರತಿ ಬುಧವಾರ ಕೊನೆಯ ಪೀರಿಯಡ್ ಇಬ್ಬರೂ ಕೂರುತ್ತೇವೆ. ಅವರು ಜೋರಾಗಿ ಓದುತ್ತಾರೆ, ನಾನು ಅರ್ಕಾವತ್ತು ತಿದ್ದುತ್ತೇನೆ.