ಗಿಟಾರ್ ಪ್ರೊಸೆಸರ್ ಕೊಳ್ಳುವ ಮುನ್ನ ಒಂದು ತಂತಿಯ ಪರೀಕ್ಷೆ
ತುಮಕೂರಿನ ಆರ್ಕೆಸ್ಟ್ರಾ ಬಳಗದವರ ಗಮನಕ್ಕೆ: ಡಿಜಿಟಲ್ ಗಿಟಾರ್ ಪ್ರೊಸೆಸರ್‌ನ (ಆಂಪ್ಲಿಫೈಯರ್‌ನ ದನಿಯನ್ನು ಲೆಕ್ಕಾಚಾರದಿಂದ ಅನುಕರಿಸುವ ಯಂತ್ರದ) ಡಬ್ಬಿಯ ಮೇಲೆ ‘ಅಲಿಯಾಸಿಂಗ್ ಇಲ್ಲ’, ಅಂದರೆ ನುಡಿಸದ ಸುಳ್ಳು ದನಿ ನುಸುಳುವುದಿಲ್ಲ ಎಂದು ಬರೆದಿದ್ದರೆ, ಗೇನ್ (ದನಿಯನ್ನು ಒರಟಾಗಿಸುವ ಡಿಸ್ಟಾರ್ಷನ್‌ನ ಮಟ್ಟ) ಪೂರ್ತಿ ಏರಿಸಿ, ಕ್ಯಾಬಿನೆಟ್ ಸಿಮ್ಯುಲೇಷನ್ (ಸ್ಪೀಕರ್ ಪೆಟ್ಟಿಗೆಯ ದನಿಯ ಅನುಕರಣೆ) ಆಫ್ ಮಾಡಿ, ಹೆಡ್‌ಫೋನ್ ಹಾಕಿಕೊಂಡು ಅತ್ಯಂತ ತೆಳುವಾದ ತಂತಿಯನ್ನು 20ನೇ ಫ್ರೆಟ್‌ನಲ್ಲಿ ನಿಧಾನವಾಗಿ ಬೆಂಡ್ ಮಾಡಿ (ಬದಿಗೆ ತಳ್ಳಿ ಸ್ವರ ಏರಿಸಿ). ಸ್ವರ ಏರುತ್ತಿರುವಾಗಲೇ ಹಿಂದಿನಿಂದ ಸಣ್ಣ ಸಿಳ್ಳೆಯಂಥ ದನಿ ಕೆಳಗಿಳಿದರೆ ಅದೇ ಅಲಿಯಾಸಿಂಗ್. ಡಿಸ್ಟಾರ್ಷನ್ ಹುಟ್ಟಿಸುವ ಹಾರ್ಮೋನಿಕ್‌ಗಳು (ಮೂಲ ಸ್ವರದ ಮೇಲಿನ ಉಪಸ್ವರಗಳು) ಸ್ಯಾಂಪಲ್ ದರದ (ಯಂತ್ರ ಸೆಕೆಂಡಿಗೆ ದನಿಯನ್ನು ಅಳೆಯುವ ಸಲದ) ಅರ್ಧವನ್ನು, ಅಂದರೆ 48 ಕಿಲೋಹರ್ಟ್ಸ್ ಯಂತ್ರದಲ್ಲಿ 24 ಕಿಲೋಹರ್ಟ್ಸ್ ಮಿತಿಯನ್ನು, ದಾಟಿದಾಗ ಮಡಚಿಕೊಂಡು ಕಿವಿಗೆ ಕೇಳುವ ವ್ಯಾಪ್ತಿಗೇ ಮರಳುತ್ತವೆ. ಲೆಕ್ಕಾಚಾರದ ದರವನ್ನು ಒಳಗೇ ಹೆಚ್ಚಿಸುವ ‘ಓವರ್‌ಸ್ಯಾಂಪ್ಲಿಂಗ್’ ಇದನ್ನು ತಗ್ಗಿಸುವುದರಿಂದ ಆ ಪದ ಮಾತ್ರ (‘ವಾಲ್ವ್‌ನ ಆತ್ಮ’ ಎಂಬಂಥ ಜಾಹೀರಾತಿನ ಮಾತಿನ ಹಾಗೆ) ಬರೀ ಬಡಾಯಿಯಲ್ಲ. ಡಿಸ್ಟಾರ್ಷನ್ ಇಲ್ಲದ ಕ್ಲೀನ್ ಟೋನ್‌ನಲ್ಲಿ ಈ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ಇನ್ನೊಂದು ತಂತಿಯೂ ಜೊತೆಗೆ ಮಿಡಿಯುತ್ತಿದ್ದರೆ ಅಸಲಿ ಆಂಪ್ಲಿಫೈಯರ್‌ನಲ್ಲೂ ಅಂಥದೇ ದನಿ ಕೇಳಿಸಬಹುದಾದ್ದರಿಂದ ಉಳಿದ ಐದನ್ನೂ ಅಂಗೈಯಿಂದ ಒತ್ತಿ ಹಿಡಿದಿರಬೇಕು.